ದೀಕ್ಷಾಸ್ನಾನದ ತೊಟ್ಟಿಗೆ ಎರಡು ಕಡೆ ಮೆಟ್ಟಿಲು

ಏಳು ಚೀಲ ಸಿಮೆಂಟು, ಅರ್ಧ ಲಾರಿ ಮರಳು, ದುವ್ವಾಡದಿಂದ ವಿಜಯವಾಡಕ್ಕೆ ಇಬ್ಬರು ಹೋಗಿಬಂದ ರೈಲು ಚಾರ್ಜು, ಮೇಸ್ತ್ರಿಯ ಒಂಬತ್ತು ದಿನದ ಕೂಲಿ, ಮತ್ತು ಮದುವೆಮನೆಗೆಂದು ಹೊಲಿಸಿದ್ದ ಒಂದು ಟೆರಿಕಾಟ್ ಪ್ಯಾಂಟು. ಇಷ್ಟೂ ನನ್ನ ಕೈಯಿಂದ ಹೋಯಿತು. ಗಿರಾಕಿಯ ಹತ್ತಿರ ಒಂದು ಪೈಸೆ ಕೇಳುವ ಹಾಗಿರಲಿಲ್ಲ. ಒಂದು ಸಾಲು ಮೆಟ್ಟಿಲು ಬೇಡವೆಂದು ಅವರ ಜೊತೆ ಚೌಕಾಸಿ ಮಾಡಿ ಗೆದ್ದವನು ನಾನೇ.

ನೀರಿನ ತೊಟ್ಟಿ ಕಟ್ಟುವ ಕೆಲಸಕ್ಕೆ ಈಗ ಕೈಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಮೆಂಟಿಗೆ ಎಷ್ಟು ಮರಳು ಎಂಬುದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಯಾವುದನ್ನು ಚೌಕಾಸಿ ಮಾಡಬಾರದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಯಾಕೆಂದರೆ ಅದನ್ನು ಹೇಳಬೇಕಾದರೆ ತಾನು ಎಲ್ಲಿ ಮುಗ್ಗರಿಸಿದೆ ಎಂದೂ ಹೇಳಬೇಕಾಗುತ್ತದೆ.

ನಾನು ಗದಗ-ಬೆಟಗೇರಿಯವನು. ಅಪ್ಪ ಮಿಷನ್ ಶಾಲೆಯಲ್ಲಿ ಜವಾನ. ಹದಿನೆಂಟಕ್ಕೆ ನೌಕಾಪಡೆ ಸೇರಿದೆ. ಹದಿನೈದು ವರ್ಷ ಹಡಗುಗಳ ಹೊಟ್ಟೆಯೊಳಗೆ ತೆವಳಿ ಕುಡಿಯುವ ನೀರಿನ ಟ್ಯಾಂಕು ರಿಪೇರಿ ಮಾಡಿದೆ. ಅಲ್ಲಿ ನಮ್ಮ ಮೇಲಿನವರೊಬ್ಬರಿದ್ದರು, ಪಂಜಾಬಿನ ಕಡೆಯವರು, ಎಲ್ಲರೂ ಚೀಫ್ ಎನ್ನುತ್ತಿದ್ದೆವು. ಅವರದೊಂದು ಪದ್ಧತಿ: ಟ್ಯಾಂಕಿನ ಒಳಗೆ ಬಣ್ಣ ಬಳಿದು, ಒಣಗಿಸಿ, ತೊಳೆದು, ನೀರು ತುಂಬಿಸಿದ ಮೇಲೆ ಮೊದಲ ಲೋಟವನ್ನು ಬಣ್ಣ ಬಳಿದವನೇ ಕುಡಿಯಬೇಕು. ಅವರು ಎದುರು ನಿಂತು ನೋಡುತ್ತಿದ್ದರು. ನನ್ನ ಮೊದಲ ಟ್ಯಾಂಕಿನ ನೀರು ಕುಡಿದು ನಾನು ಎರಡು ದಿನ ಎದ್ದಿರಲಿಲ್ಲ. ಮೂರನೆಯ ಟ್ಯಾಂಕಿನ ಹೊತ್ತಿಗೆ ನಾನು ತೊಳೆಯುತ್ತಿದ್ದ ರೀತಿಯೇ ಬೇರೆ.

ಕೆಲಸ ಬಿಟ್ಟ ಮೇಲೆ ಊರಿಗೆ ಹೋಗಲಿಲ್ಲ. ಅದು ಎಂಬತ್ತರ ದಶಕದ ನಡುಗಾಲ. ವಿಶಾಖಪಟ್ಟಣದ ಗಾಜುವಾಕದಲ್ಲಿ ತಗಡಿನ ಶೆಡ್ಡು ಹಾಕಿ ಮನೆಗಳಿಗೆ, ಹೋಟೆಲುಗಳಿಗೆ ತೊಟ್ಟಿ ಕಟ್ಟಿಕೊಡತೊಡಗಿದೆ. ಮೇಸ್ತ್ರಿ ಅಪ್ಪಲಸ್ವಾಮಿ ಮೊದಲಿನಿಂದ ಕೊನೆಯವರೆಗೂ ನನ್ನ ಜೊತೆಗಿದ್ದ. ಕೆಲಸ ಚೊಕ್ಕ, ಬಾಯಿ ಮಾತ್ರ ಸ್ವಲ್ಪ ಉದ್ದ.

ಚರ್ಚುಗಳ ಕೆಲಸ ಬಂದದ್ದು ನಾನು ಹುಟ್ಟಿನಿಂದ ಕ್ರೈಸ್ತನಾದ ದೆಸೆಯಿಂದ. ನಾನು ಮೂರು ತಿಂಗಳ ಕೂಸಾಗಿದ್ದಾಗ ಬೆಟಗೇರಿಯ ಪಾದ್ರಿಗಳು ಹಣೆಗೆ ಮೂರು ಸಲ ನೀರು ಮುಟ್ಟಿಸಿ ದೀಕ್ಷಾಸ್ನಾನ ಮುಗಿಸಿದ್ದರು. ನಾನು ಜೋರಾಗಿ ಅತ್ತೆನಂತೆ. ಅದಕ್ಕಿಂತ ಹೆಚ್ಚಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆಂಧ್ರಕ್ಕೆ ಬಂದ ಮೇಲೆ ಗೊತ್ತಾಯಿತು, ಇಲ್ಲಿಯ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ಇದು ಲೆಕ್ಕಕ್ಕೇ ಇಲ್ಲ. ಬುದ್ಧಿ ಬಂದವರು ತಾವಾಗಿ ನಂಬಿ, ಎಲ್ಲರೆದುರು ಬಾಯಿಬಿಟ್ಟು ಹೇಳಿ, ತಲೆಯೂ ಕಾಣದಂತೆ ನೀರಿನಲ್ಲಿ ಮುಳುಗಿ ಏಳಬೇಕು. ಹಾಗೆ ಮುಳುಗಬೇಕಾದರೆ ತೊಟ್ಟಿ ಬೇಕು. ತೊಟ್ಟಿ ಬೇಕಾದರೆ ನಾನು ಬೇಕು. ಆ ಮಟ್ಟಿಗೆ ಅವರ ಸಿದ್ಧಾಂತ ನನಗೆ ಬಹಳ ಹಿಡಿಸಿತು.

ಊರಲ್ಲೇ ಸಮುದ್ರವಿರುವಾಗ ತೊಟ್ಟಿ ಯಾಕೆ ಎಂದು ನೀವು ಕೇಳಬಹುದು. ಅಲೆಗೆ ಪಾಸ್ಟರು ಯಾರು, ಹೊಸಬರು ಯಾರು ಎಂದು ಗೊತ್ತಾಗುವುದಿಲ್ಲ. ಯಾರನ್ನು ಬೇಕಾದರೂ ಮುಳುಗಿಸುತ್ತದೆ, ಎಷ್ಟು ಸಲ ಬೇಕಾದರೂ.

ಮೊದಲ ತೊಟ್ಟಿಯನ್ನು ವಿಶಾಖಪಟ್ಟಣದ ಒಂದು ಸಭೆಗೆ ಕಬ್ಬಿಣದ ತಗಡಿನಲ್ಲಿ ಬೆಸುಗೆ ಹಾಕಿ ಮಾಡಿಕೊಟ್ಟೆ. ನೋಡುವವರಿಗೆ ಚೆನ್ನಾಗಿ ಕಾಣಲೆಂದು ಅಂಚಿನವರೆಗೆ ನೀರು ತುಂಬಿಸಿದೆ. ಅಲ್ಲಿಯ ಪಾಸ್ಟರು ಒಳ್ಳೆಯ ಮೈಕಟ್ಟಿನವರು. ಅವರು ಇಳಿದಾಗ ಒಂದಿಷ್ಟು ನೀರು ಹೊರಗೆ ಬಂತು. ದೀಕ್ಷೆಗೆ ಬಂದಿದ್ದ ಹೋಟೆಲ್ ಯಜಮಾನರು ಅವರಿಗಿಂತ ದಪ್ಪ. ಅವರನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದಾಗ ನಾಲ್ಕೂ ಕಡೆಯಿಂದ ನೀರು ಚೆಲ್ಲಿ ಹಾರ್ಮೋನಿಯಂ, ತಬಲ, ಮೊದಲ ಸಾಲಿನಲ್ಲಿ ಕೂತ ಹೆಂಗಸರ ಸೀರೆ, ಎಲ್ಲಕ್ಕೂ ದೀಕ್ಷೆಯಾಯಿತು. ಹದಿನೈದು ವರ್ಷ ಹಡಗಿನಲ್ಲಿ ದುಡಿದವನು ನಾನು! ನೀರಿಗೆ ಇಳಿದದ್ದು ತನ್ನಷ್ಟು ನೀರನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕದ ಮೇಲೆ ಅಷ್ಟು ವರ್ಷ ಅನ್ನ ತಿಂದವನು! ಆದರೂ ಆ ಪಾಸ್ಟರು ದೊಡ್ಡವರು. "ಚೆಲ್ಲಿತು ನಿಜ, ಆದರೆ ಒಂದು ಹನಿ ಸೋರಲಿಲ್ಲ," ಎಂದು ವಿಜಯವಾಡದ ತಮ್ಮ ಸ್ನೇಹಿತರಿಗೆ ನನ್ನ ಹೆಸರು ಹೇಳಿದರು.

ಆ ಸ್ನೇಹಿತರು ಪಾಸ್ಟರ್ ಯೇಸುರತ್ನಂ. ಮೊದಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು. ಸಭೆಯವರು ಅವರನ್ನು ಅಯ್ಯಗಾರು ಎಂದೂ ಅವರ ಹೆಂಡತಿಯನ್ನು ಅಮ್ಮಗಾರು ಎಂದೂ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ವಿಜಯವಾಡದಲ್ಲಿ ನದಿಯಿದೆ ನಿಜ, ಆದರೆ ಇಂದ್ರಕೀಲಾದ್ರಿಯ ಕೆಳಗಿನ ಘಟ್ಟಗಳಲ್ಲಿ ದುರ್ಗಮ್ಮನ ಭಕ್ತರ ಸ್ನಾನ. ಅಲ್ಲಿ ಇವರೂ ಇಳಿದರೆ ಇಬ್ಬರಿಗೂ ಇಕ್ಕಟ್ಟು. ಕಾಲುವೆಗೆ ಬೇಸಿಗೆಯಲ್ಲಿ ನೀರು ನಿಲ್ಲಿಸುತ್ತಾರೆ. ಅದಕ್ಕೇ ಪ್ರಾರ್ಥನಾ ಮಂದಿರದ ವೇದಿಕೆಯ ಹಲಗೆಗಳ ಕೆಳಗೆ ನೆಲದೊಳಗೇ ಒಂದು ತೊಟ್ಟಿ ಬೇಕು ಎಂದರು.

"ಒಂದು ಕಡೆ ಇಳಿಯೋಕೆ ಮೆಟ್ಟಿಲು, ಎದುರು ಕಡೆ ಹತ್ತೋಕೆ," ಎಂದರು ಅಯ್ಯಗಾರು. ನಮ್ಮ ಮಾತೆಲ್ಲ ತೆಲುಗಿನಲ್ಲೇ, ನಮ್ಮ 'ರೀ' ಇದ್ದ ಹಾಗೆ ಅವರದು 'ಅಂಡಿ'.

"ಇಳಿದ ಕಡೆಯಿಂದಲೇ ಹತ್ತಬಹುದಲ್ಲ ಅಯ್ಯಗಾರು? ನೀರಿನಲ್ಲಿ ಇರೋದು ಎರಡು ನಿಮಿಷ."

"ಅದು ಸಮಾಧಿ ಅಂಡಿ. ಹಳೆಯ ಮನುಷ್ಯನನ್ನ ಅಲ್ಲಿ ಹೂಳ್ತೀವಿ. ಕ್ರಿಸ್ತನ ಜೊತೆ ಎದ್ದು ಬರೋನು ಹೊಸಬ. ಹೋದ ದಾರೀಲೇ ವಾಪಸು ಬಂದರೆ ಬರೀ ಮೈ ತೊಳಕೊಂಡು ಬಂದ ಹಾಗೆ ಕಾಣುತ್ತೆ."

"ಕಾಣೋ ವಿಷಯ ತಾನೇ? ಆತ್ಮದ ರಕ್ಷಣೆ ಮೆಟ್ಟಿಲಲ್ಲಿ ಇಲ್ಲವಲ್ಲ?"

"ಮೆಟ್ಟಿಲಲ್ಲಿ ಇಲ್ಲ. ಹಾಗೆ ನೋಡಿದರೆ ನೀರಲ್ಲೂ ಇಲ್ಲ."

"ಮತ್ತೇನು! ಒಂದು ಸಾಲು ಬಿಟ್ಟುಬಿಡಿ, ರೇಟಿನಲ್ಲಿ ಕಾಲು ಭಾಗ ಕಡಿಮೆ ಮಾಡ್ತೀನಿ."

ಮೆಟ್ಟಿಲು ಕಟ್ಟುವುದರಲ್ಲಿ ದಿನ ಹೋಗುತ್ತದೆ, ಲಾಭ ಕಡಿಮೆ. ಶೆಡ್ಡಿನಲ್ಲಿ ಬೇರೆ ಆರ್ಡರು ಕಾಯುತ್ತಿತ್ತು. ಅವರದು ಬಡ ಸಭೆ ಎಂಬುದೂ ನನಗೆ ಗೊತ್ತಿತ್ತು. ಅಯ್ಯಗಾರು ಸುಮ್ಮನಾದರು. ಎದುರಿನವರು ಸುಮ್ಮನಾದರೆ ವ್ಯಾಪಾರ ಕುದುರಿತೆಂದು ಅರ್ಥ. ಅವರು ಕಿಟಕಿಯಾಚೆ ನೋಡುತ್ತ, "ಸುಂದರಮ್ಮನಿಗೆ ಏನು ಹೇಳಲಿ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನನಗೆ ಕೇಳಿಸಿತು. ಸುಂದರಮ್ಮ ಯಾರು ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ರೇಟು ಕೆಡುತ್ತದೆ ಎಂದು ನನ್ನ ಅನುಭವ.

ವ್ಯವಹಾರ ಮುಗಿದ ಮೇಲೆ ಚಹಾ ಬಂತು. ಅಯ್ಯಗಾರು ನಗುತ್ತ ಕೇಳಿದರು: "ತೊಟ್ಟಿ ಕಟ್ಟೋರಿಗೆ ದೀಕ್ಷಾಸ್ನಾನ ಆಗಿದೆಯಾ?"

"ಆಗಿದೆ. ಮೂರು ತಿಂಗಳಿದ್ದಾಗ, ಮೂರು ಹನಿ."

"ಮೂರು ಹನೀಲಿ ಹೂಳೋಕಾಗುತ್ತಾ? ತೊಟ್ಟಿ ಆದ ಮೇಲೆ ಮೊದಲ ಸರದಿ ನಿಮ್ಮದೇ."

"ಬೇಡ ಅಯ್ಯಗಾರು. ಒಮ್ಮೆ ಆದ ಕೆಲಸಕ್ಕೆ ಎರಡನೇ ಬಿಲ್ಲು ಹಾಕಬಾರದು."

ಅವರು ಚಹಾ ಚೆಲ್ಲುವಷ್ಟು ನಕ್ಕರು.

ಕೆಲಸ ಮುಗಿಯಿತು. ಒಂದೇ ಕಡೆ ಮೆಟ್ಟಿಲು, ಒಂದೊಂದೂ ಒಂಬತ್ತು ಇಂಚು ಎತ್ತರ. ಯಾವುದೇ ತೊಟ್ಟಿಗೂ ನನ್ನದೊಂದು ಪರೀಕ್ಷೆ ಇತ್ತು: ನೀರು ತುಂಬಿಸಿ, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮೂರು ದಿನ ಮುಟ್ಟದೆ ಬಿಡುವುದು. ಅಯ್ಯಗಾರಿಗೆ ಇದು ಬಹಳ ಖುಷಿ ಕೊಟ್ಟಿತು. ಕ್ರಿಸ್ತನ ಸಮಾಧಿಗೂ ಮೂರು ದಿನ, ತೊಟ್ಟಿಗೂ ಮೂರು ದಿನ ಎಂದು ಆ ಭಾನುವಾರದ ಉಪದೇಶದಲ್ಲಿ ನನ್ನ ಸೀಮೆಸುಣ್ಣದ ಗೆರೆಯನ್ನೇ ಹಿಡಿದು ಅರ್ಧ ಗಂಟೆ ಮಾತಾಡಿದರು. ಗೆರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಈ ಸಲ ಅಂಚಿಗೆ ಅರ್ಧ ಅಡಿ ಕಡಿಮೆಯೇ ತುಂಬಿಸಿದ್ದೆ. ನಾನು ಗೋಡೆಗೊರಗಿ ನಿಂತು ಬೀಗುತ್ತಿದ್ದೆ.

ಅಂದು ಹನ್ನೊಂದು ಜನರಿಗೆ ದೀಕ್ಷೆ. ಹತ್ತು ಜನ ಇಳಿದು, ಮುಳುಗಿ, ತಿರುಗಿ ಹತ್ತಿದರು. ಹನ್ನೊಂದನೆಯವರು ಅರವತ್ತು ದಾಟಿದ ಒಬ್ಬ ಸಣ್ಣ ಮೈಯ ಹೆಂಗಸು. ಮಂಗಳಗಿರಿಯಿಂದ ಬಂದವರು, ಬಿಳಿಯ ಹತ್ತಿ ಸೀರೆ ಉಟ್ಟಿದ್ದರು. ಅಮ್ಮಗಾರು ಅವರ ಸೆರಗಿಗೆ, ನೆರಿಗೆಗೆ ಪಿನ್ನು ಹಾಕಿ ಕೈಹಿಡಿದು ತಂದರು. ತೊಟ್ಟಿಯ ಅಂಚಿಗೆ ಬಂದು ನಿಂತವರು ಒಳಗೆ ನೋಡಿದರು.

"ಅಯ್ಯಗಾರು, ಹತ್ತೋ ಮೆಟ್ಟಿಲು ಎಲ್ಲಿ?"

ಎದೆಮಟ್ಟ ನೀರಿನಲ್ಲಿದ್ದ ಅಯ್ಯಗಾರು ಮೆಲ್ಲಗೆ ಹೇಳಿದರು: "ಇದೇ ಅಮ್ಮ. ತಿರುಗಿ ಇದರಲ್ಲೇ ಹತ್ತಬೇಕು."

"ಎದುರಿಗೆ ಗೋಡೆ ಇದೆ."

"ನಾನು ಹಿಡಕೊಂಡಿರ್ತೀನಿ."

"ಗೋಡೆ ಇದೆ ಅಯ್ಯಾ," ಎಂದು ಇನ್ನೊಮ್ಮೆ ಅಂದು, ಅಮ್ಮಗಾರ ಕೈ ಬಿಡಿಸಿಕೊಂಡು, ಹೊರಗೆ ಹೋಗಿ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತರು. ಸೀರೆ ಒದ್ದೆಯಾಗಿರಲಿಲ್ಲ.

ಅವರೇ ಸುಂದರಮ್ಮ. ಕತೆ ಅಮ್ಮಗಾರಿಂದ ತಿಳಿಯಿತು. ನೇಕಾರರ ಮನೆ. ಬಹಳ ಹಿಂದೆ ಅವರ ಗಂಡ ಕಾಲುವೆಯಲ್ಲಿ ನೂಲು ತೊಳೆಯುವಾಗ ಒಂದು ಲಡಿ ಕೈತಪ್ಪಿ ಹರಿದುಹೋಯಿತೆಂದು ಹಿಂದೆಯೇ ಇಳಿದರು. ಲಡಿ ದಡಕ್ಕೆ ಹತ್ತಿತು, ಅವರು ಹತ್ತಲಿಲ್ಲ. ಸುಂದರಮ್ಮ ದಡದಲ್ಲೇ ನಿಂತಿದ್ದರು. ಆಮೇಲೆ ಈ ಸಭೆಗೆ ಬರತೊಡಗಿ ಇಪ್ಪತ್ತು ವರ್ಷವಾಗಿತ್ತು. ನಂಬಿಕೆ ಗಟ್ಟಿ, ಪ್ರಾರ್ಥನೆ ಗಟ್ಟಿ, ಆದರೆ ನೀರಿಗೆ ಇಳಿಯಲಾರರು. ಆ ಸಭೆಯಲ್ಲಿ ಮುಳುಗಿ ದೀಕ್ಷೆ ಪಡೆಯದವರಿಗೆ ಪ್ರಭುವಿನ ಭೋಜನದ, ಅಂದರೆ ಕ್ರಿಸ್ತನ ನೆನಪಿಗೆ ಹಂಚಿಕೊಂಡು ತಿನ್ನುವ, ರೊಟ್ಟಿ ಇಲ್ಲ. ತಿಂಗಳಿಗೊಮ್ಮೆ ರೊಟ್ಟಿ ಮುರಿಯುವ ಹೊತ್ತಿಗೆ ಅವರು ತಾವಾಗಿ ಎದ್ದು ಆ ಬೆಂಚಿಗೆ ಹೋಗುತ್ತಿದ್ದರು. ಇಪ್ಪತ್ತು ವರ್ಷ. ಸಾಯುವ ಮೊದಲು ಒಂದೇ ಒಂದು ಸಲ ಆ ರೊಟ್ಟಿ ತಿನ್ನಬೇಕು ಎಂಬುದು ಅವರ ಆಸೆ. ಅಯ್ಯಗಾರು ಅವರನ್ನು ಒಪ್ಪಿಸಿದ್ದು ಒಂದೇ ಮಾತಿನಿಂದ: ನೀರಿಗೆ ಇಳಿಯುವಾಗಲೇ ಎದುರಿಗೆ ಹತ್ತುವ ಮೆಟ್ಟಿಲು ಕಾಣುತ್ತದೆ, ಹಿಂದೆ ತಿರುಗಿ ನೋಡಬೇಕಾಗಿಲ್ಲ. ಆ ಸೀರೆಯನ್ನು ಅವರೇ ನೇಯ್ದದ್ದು, ಈ ದಿನಕ್ಕೆಂದು.

ನಾನು ಅಯ್ಯಗಾರ ಮೇಲೇ ಹರಿಹಾಯ್ದೆ. "ಮೊದಲೇ ಹೇಳಬಾರದಿತ್ತಾ?"

"ಹಣ ಇರಲಿಲ್ಲ. ನೀವೂ ಬಹಳ ಚೆನ್ನಾಗಿ ಮಾತಾಡಿದಿರಿ."

ವ್ಯಾಪಾರಿಗೆ ಇದಕ್ಕಿಂತ ಕೆಟ್ಟ ಹೊಗಳಿಕೆ ಇನ್ನೊಂದಿಲ್ಲ. ಜಾರಿಕೊಳ್ಳಲು ಇನ್ನೊಂದು ದಾರಿ ಹುಡುಕಿದೆ. "ಅಯ್ಯಗಾರು, ನೇರವಾಗಿ ಕೇಳ್ತೀನಿ. ಆಯಮ್ಮ ನಾಳೆ ಹೋದರೆ, ನೀರಿಗೆ ಇಳಿಯಲಿಲ್ಲ ಅಂತ ದೇವರು ಹೊರಗೆ ನಿಲ್ಲಿಸ್ತಾನಾ?"

"ಕ್ರಿಸ್ತನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯಾರು ತೊಟ್ಟಿ ಕಟ್ಟಿಕೊಟ್ಟಿದ್ದರು? ಅವನು ನಂಬಿದ, ಅವತ್ತೇ ಪರಲೋಕದ ಒಳಗೆ ಹೋದ."

"ಹಾಗಾದರೆ ತೊಟ್ಟಿಯೇ ಬೇಡವಾಗಿತ್ತು!"

"ನೀವು ಹಡಗಿನವರು, ನೀವೇ ಹೇಳಿ. ಹಡಗನ್ನ ನೀರಿಗಿಳಿಸಿದ ಮೇಲೇ ಅದು ಹಡಗಾಗುತ್ತಾ, ಮೊದಲೇ ಆಗಿರುತ್ತಾ?"

"ಮೊದಲೇ ಆಗಿರುತ್ತೆ. ನೀರು ಹಡಗು ಕಟ್ಟೋದಿಲ್ಲ."

"ಕಟ್ಟಿದ ಮೇಲೆ ಇಳಿಸದೆ ದಡದಲ್ಲೇ ಇಟ್ಟುಕೊಂಡಿರ್ತೀರಾ?"

ಅವರೇ ಮುಂದುವರಿಸಿದರು: "ರಕ್ಷಣೆ ಕೃಪೆಯಿಂದ ಅಂಡಿ, ನೀರಿನಿಂದಲ್ಲ. ನೀರು ಅದಕ್ಕೆ ಸಾಕ್ಷಿ. ನಾನು ಕ್ರಿಸ್ತನವಳು ಅಂತ ಎಲ್ಲರೆದುರು ಹೇಳಿಕೊಳ್ಳೋದು. ಆಯಮ್ಮ ಅದನ್ನ ಹೇಳಬೇಕು ಅಂತಿದ್ದಾರೆ. ನಾವು ಗೋಡೆ ಕಟ್ಟಿಟ್ಟಿದ್ದೀವಿ."

"ಕೃಪೆ ಅಂದರೆ ಬಿಟ್ಟಿ ಅಂತ ಅಲ್ಲವಾ? ಬಿಟ್ಟಿ ಬಂದದ್ದನ್ನ ನಾನು ಯಾವತ್ತೂ ನಂಬಿದವನಲ್ಲ."

"ಬಿಟ್ಟಿ ಯಾಕಾಗುತ್ತೆ? ಬೇರೆಯವರು ತೆತ್ತಿದ್ದಾರೆ," ಎಂದು ಅವರು ಒದ್ದೆ ಅಂಗಿ ಹಿಂಡತೊಡಗಿದರು.

ಮನೆಗೆ ಬಂದು ಹೆಂಡತಿ ಸುಶೀಲಾಗೆ ಎಲ್ಲ ಹೇಳಿದೆ. ಅವಳೂ ಬೆಟಗೇರಿಯವಳೇ. ಮಗಳಿಗೆ ಆಗಲೇ ಕನ್ನಡ ಅಡಿಗೆಮನೆಯಿಂದಾಚೆ ಬರುತ್ತಿರಲಿಲ್ಲ, ಆದರೆ ಸುಶೀಲಾಳ ಬಾಯಲ್ಲಿ ಬೆಟಗೇರಿ ಹಾಗೇ ಉಳಿದಿತ್ತು.

"ಮುದುಕಿ ಇಪ್ಪತ್ತು ವರ್ಷ ಹೊರಗ ಕುಂತಾಳ. ನಿಮ್ಮ ಚೌಕಾಸಿ ಸಲುವಾಗಿ ಇನ್ನೂ ಇಪ್ಪತ್ತು ವರ್ಷ ಕುಂದರಬೇಕೇನ್ರಿ?"

"ರೇಟು ಒಪ್ಪಿದವರು ಅವರಽ. ನಾ ಒತ್ತಾಯ ಮಾಡಿಲ್ಲ."

"ಹೌದಲ್ಲ, ನೀವು ಎಂದೂ ಒತ್ತಾಯ ಮಾಡಂಗಿಲ್ಲ. ಎದುರಿನವರಿಗೆ ಬ್ಯಾರೆ ಹಾದಿ ಇರಲಾರದಂಗ ಮಾಡ್ತೀರಿ, ಅಷ್ಟಽ. ಹೋಗ್ರಿ, ಆ ಪಾವಟಿಗಿ ಕಟ್ಟಿ ಬರ್ರಿ. ರೊಕ್ಕ ಕೇಳಿದರಂದ್ರ ಮನಿಗೆ ಬರಬ್ಯಾಡ್ರಿ."

ಹೋದೆ. ಅಪ್ಪಲಸ್ವಾಮಿ ಶೆಡ್ಡಿಗೆ ಹತ್ತಿರದ ಸ್ಟೇಷನ್ನಾದ ದುವ್ವಾಡದಲ್ಲಿ ರೈಲು ಹತ್ತುವಾಗಲೇ ಶುರುಮಾಡಿದ: "ಸಾರ್, ಬಿಟ್ಟಿ ಕೆಲಸ ಮಾಡೋಕೆ ಇನ್ನೂರಿಪ್ಪತ್ತು ಮೈಲಿ! ಮೈ ಸರಿ ಇದೆಯಾ?" ಅವನಿಗೆ ಕೂಲಿ ಕೊಟ್ಟಿದ್ದೇನೆ, ಆದ್ದರಿಂದ ಬಿಟ್ಟಿ ಮಾಡಿದ್ದು ನಾನೊಬ್ಬನೇ.

ಕಟ್ಟಿದ ತೊಟ್ಟಿಯ ಗೋಡೆ ಒಡೆದು ಮೆಟ್ಟಿಲು ಕೂರಿಸುವುದು ಹೊಸದು ಕಟ್ಟುವುದಕ್ಕಿಂತ ಕಷ್ಟ. ಹಳೆಯ ಕಾಂಕ್ರೀಟು ಹೊಸದನ್ನು ಸುಲಭಕ್ಕೆ ಹಿಡಿಯುವುದಿಲ್ಲ, ನೀರು ಅದೇ ಸಂದು ಹುಡುಕುತ್ತದೆ. ಉಳಿಯಿಂದ ಒಡೆದ ಅಂಚನ್ನೆಲ್ಲ ಒರಟು ಮಾಡಿ, ಸಿಮೆಂಟಿನ ಗಂಜಿ ಬಳಿದು, ಮೇಲಿನ ಜೋಡಣೆಗೆ ಡಾಂಬರು ಹಚ್ಚಿದೆವು. ಈ ಸಲ ಮೆಟ್ಟಿಲ ಎತ್ತರ ಆರೇ ಇಂಚು. ಮತ್ತೆ ಸೀಮೆಸುಣ್ಣದ ಗೆರೆ, ಮತ್ತೆ ಮೂರು ದಿನ.

ಭಾನುವಾರ ನಾನು ಟೆರಿಕಾಟ್ ಪ್ಯಾಂಟು ಹಾಕಿ ಹಿಂದಿನ ಸಾಲಿನಲ್ಲಿ ಕೂತೆ. ಸುಂದರಮ್ಮ ಅದೇ ಸೀರೆಯಲ್ಲಿ ಬಂದರು. ಅಂಚಿನಲ್ಲಿ ನಿಂತು ಎದುರಿನ ಮೆಟ್ಟಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಸಭೆಯ ಮೇಲೆ ಕಣ್ಣಾಡಿಸಿದರು.

"ಇದನ್ನ ಕಟ್ಟಿದ ಬಾಬು ಬಂದಿದ್ದಾರಾ?"

ಎದ್ದು ನಿಂತೆ.

"ಮೊದಲು ನೀವು ಇಳಿದು ಹತ್ತಿ ತೋರಿಸಿ ಬಾಬು. ಗೋಡೆ ಕಟ್ಟಿದ್ದೂ ನೀವೇ ಅಂತ ಕೇಳಿದೆ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ಆ ಪಂಜಾಬಿ ಚೀಫ್ ಕೈಯಲ್ಲಿ ಲೋಟ ಹಿಡಿದು ಎದುರಿಗೆ ನಿಂತ ಹಾಗಾಯಿತು. ಚಪ್ಪಲಿ ಬಿಟ್ಟು ಇಳಿದೆ. ತೊಟ್ಟಿಯೊಳಗಿದ್ದ ಅಯ್ಯಗಾರು ಪಕ್ಕಕ್ಕೆ ಸರಿದರು.

"ತಲೆ ಮುಳುಗಿಸಿ ಬಾಬು. ತಲೆ ಮುಳುಗಿದ ಮೇಲೂ ಕಾಣುತ್ತಾ, ನೋಡಿ ಹೇಳಿ."

ಮುಳುಗಿದೆ. ಹಡಗಿನವನಿಗೆ ನೀರಿನ ಭಯವಿಲ್ಲ, ಕಣ್ಣು ಬಿಟ್ಟೇ ಇದ್ದೆ. ಎದುರಿಗೆ ಮೆಟ್ಟಿಲು ಒಂದರ ಮೇಲೊಂದು ಬೆಳಕಿನ ಕಡೆಗೆ ಹೋಗುತ್ತಿದ್ದವು. ಗೋಡೆಯಿದ್ದಾಗ ಅಲ್ಲಿ ಕಪ್ಪಗಿದ್ದಿರಬೇಕು. ಎದ್ದು, "ಕಾಣುತ್ತೆ ಅಮ್ಮ," ಎಂದೆ.

ಅಯ್ಯಗಾರು ನನ್ನ ಕಿವಿಯ ಹತ್ತಿರ, "ಇದನ್ನ ಲೆಕ್ಕಕ್ಕೆ ತಗೊಳ್ಳೋಣವಾ?" ಎಂದರು.

"ಬೇಡ. ಇದು ಟೆಸ್ಟಿಂಗು."

ಎದುರು ಕಡೆಯಿಂದ ಹತ್ತಿದೆ. ಕೊನೆಯ ಮೆಟ್ಟಿಲಿನಲ್ಲಿ ಮೊಣಕಾಲು ಅಂಚಿಗೆ ತಗುಲಿತು. ನೋಡಿದರೆ ಪ್ಯಾಂಟಿನ ತುಂಬ ಡಾಂಬರು. ಏಪ್ರಿಲ್ಲಿನ ಸೆಕೆಗೆ ಮೆತ್ತಗಾಗಿ ಕೂತಿತ್ತು, ನೋಡಿದರೆ ಗೊತ್ತಾಗುತ್ತಿರಲಿಲ್ಲ. ಮೂಲೆಯಲ್ಲಿದ್ದ ಖಾಲಿ ಸಿಮೆಂಟು ಚೀಲ ತಂದು ಅದರ ಮೇಲೆ ಹಾಸಿ, ಚೀಲದ ಪಕ್ಕದಲ್ಲೇ ನಿಂತೆ.

ಸುಂದರಮ್ಮ ಇಳಿದರು. ಒಂದೊಂದು ಮೆಟ್ಟಿಲಿಗೂ ನಿಂತು ಇಳಿದರು. ನೀರು ಸೊಂಟಕ್ಕೆ ಬಂದಾಗ ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸಿತು. ಅಯ್ಯಗಾರು ಕೇಳಬೇಕಾದದ್ದನ್ನು ಕೇಳಿದರು. ಸುಂದರಮ್ಮ ಹೇಳಬೇಕಾದದ್ದನ್ನು ಜೋರಾಗಿ ಹೇಳಿದರು, ಕಣ್ಣು ಮಾತ್ರ ನಾನು ನಿಂತ ಮೆಟ್ಟಿಲ ಮೇಲೆ. ಹಿಂದಕ್ಕೆ ಬಾಗಿದರು, ನೀರು ಮುಚ್ಚಿಕೊಂಡಿತು, ಎದ್ದರು. ಕೆಮ್ಮುತ್ತ, ಉಸಿರು ಎಳೆಯುತ್ತ, ಹಿಂದೆ ತಿರುಗದೆ ನೇರವಾಗಿ ನಡೆದು ಬಂದು ಹತ್ತಿದರು. ಸೀರೆಗೆ ಡಾಂಬರು ಹತ್ತಲಿಲ್ಲ.

ಅಂದೇ ರೊಟ್ಟಿ ಮುರಿಯುವ ಭಾನುವಾರ. ಆ ಸಭೆಯ ಲೆಕ್ಕದಲ್ಲಿ ನಾನು ಮೂರು ಹನಿಯವನು. ಟೆಸ್ಟಿಂಗು ಲೆಕ್ಕಕ್ಕೆ ಬೇಡವೆಂದವನೂ ನಾನೇ. ತಟ್ಟೆ ಬರುವ ಮೊದಲೇ ಎದ್ದು ಹೊರಗೆ ಹೋಗಿ ಬೇವಿನ ಮರದ ಬೆಂಚಿನ ಮೇಲೆ ಒದ್ದೆ ಪ್ಯಾಂಟಿನಲ್ಲಿ ಕೂತೆ. ಕಿಟಕಿಯಿಂದ ಸುಂದರಮ್ಮನ ಕೈ ಕಂಡಿತು. ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲಿಟ್ಟು ನೋಡುತ್ತಿದ್ದರು. ಆಮೇಲೆ ತಿಂದರು.

ಸ್ವಲ್ಪ ಹೊತ್ತಿಗೆ ಕೂದಲು ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಪಕ್ಕ ಕೂತರು.

"ಈ ಕಡೆ ಸರಿದು ಕೂತುಕೋ ಬಾಬು. ಅಲ್ಲಿ ಬಿಸಿಲು ಬರುತ್ತೆ, ಇಲ್ಲಿ ಬರೋಲ್ಲ. ನನಗೆ ಗೊತ್ತು."

ಸರಿದು ಕೂತೆ.

ತೊಂಬತ್ತರ ದಶಕದಲ್ಲಿ ಕಪ್ಪು ಪ್ಲಾಸ್ಟಿಕ್ ಟ್ಯಾಂಕುಗಳು ಬಂದು ನನ್ನ ಅರ್ಧ ವ್ಯಾಪಾರ ನುಂಗಿದವು. ದೀಕ್ಷಾಸ್ನಾನಕ್ಕೂ ಈಗ ಫೈಬರಿನ ರೆಡಿಮೇಡ್ ತೊಟ್ಟಿ ಲಾರಿಯಲ್ಲಿ ಬಂದಿಳಿಯುತ್ತದೆ, ಜೊತೆಗೊಂದು ಕಬ್ಬಿಣದ ಏಣಿ. ಸೋರುವುದಿಲ್ಲ, ಚೆನ್ನಾಗಿದೆ. ಏಣಿ ಮಾತ್ರ ಒಂದೇ.

ಈ ಕೆಲಸ ನಿಮ್ಮ ಕೈಗೆ ಬಂದರೆ ಇಷ್ಟು ನೆನಪಿಡಿ. ಅಂಚಿಗೆ ಅರ್ಧ ಅಡಿ ಕಡಿಮೆ ನೀರು ತುಂಬಿಸಿ, ಪಾಸ್ಟರ ಹೊಟ್ಟೆಯನ್ನೂ ಅಳತೆಗೆ ಸೇರಿಸಿ. ಬೇಸಿಗೆಯಲ್ಲಿ ಡಾಂಬರು ನಂಬಬೇಡಿ. ಗಿರಾಕಿ ಕಿಟಕಿಯಾಚೆ ನೋಡಿ ಯಾರದೋ ಹೆಸರು ಹೇಳಿದರೆ, ರೇಟು ಕೆಟ್ಟರೂ ಸರಿ, ಯಾರೆಂದು ಕೇಳಿ. ಯಾರನ್ನೂ ಇಳಿಸುವ ಮೊದಲು ನೀವು ಇಳಿಯಿರಿ, ಒಳ್ಳೆಯ ಪ್ಯಾಂಟು ಮನೆಯಲ್ಲಿಟ್ಟು ಬನ್ನಿ. ರೇಟು ಕಡಿಮೆ ಮಾಡಬೇಕಾದರೆ ಟೈಲ್ಸಿನಲ್ಲಿ ಮಾಡಿ, ಬಣ್ಣದಲ್ಲಿ ಮಾಡಿ, ಎರಡನೇ ಸಾಲು ಮೆಟ್ಟಿಲಿನಲ್ಲಿ ಮಾಡಬೇಡಿ. ಮೆಟ್ಟಿಲಿನ ಎತ್ತರ ಆರು ಇಂಚು ದಾಟಬಾರದು. ಇಳಿಯುವಾಗ ಸೀರೆ ಹಗುರ, ಹತ್ತುವಾಗ ಒದ್ದೆಯಾಗಿರುತ್ತದೆ.